ಮಕ್ಕಳು ದ್ವೇಷದ ಕೈಗೆ ಸಿಗದಂತೆ: ಕರಾವಳಿಯ ಶಾಲೆಗಳು ಏನು ಮಾಡಬಹುದು?

1998ರ ಸುರತ್ಕಲ್ ಗಲಭೆ, 2006ರ ಅಕ್ಟೋಬರ್‌ನ ಕರ್ಫ್ಯೂ, 2008ರ ಚರ್ಚ್ ದಾಳಿ, 2022ರ ಜುಲೈಯಲ್ಲಿ ಸಾಲಾಗಿ ಮೂರು ಕೊಲೆ. ಪ್ರತಿ ಸಲವೂ ದಕ್ಷಿಣ ಕನ್ನಡದಲ್ಲಿ ಪೊಲೀಸರ ಬಗ್ಗೆ ಚರ್ಚೆ ಆಗುತ್ತದೆ. ಶಾಲೆಯ ಮಾತು ಬರುವುದೇ ಅಪರೂಪ. ಆದರೆ ಹುಡುಗನ ಕೈಗೆ ಕಲ್ಲು ಬರುವ ಎಷ್ಟೋ ಮೊದಲೇ ‘ನಾವು, ಅವರು’ ಅನ್ನುವುದು ತಲೆಗೆ ಹೊಕ್ಕಿರುತ್ತದೆ, ಅಲ್ವಾ?

ಮಕ್ಕಳನ್ನು ಬೇರೆ ಬೇರೆ ಕೂರಿಸುವುದರ ವಿರುದ್ಧದ ಜಗಳ ಇಲ್ಲಿ ಹಳೆಯದು. 1892ರಲ್ಲೇ ಬ್ರಾಹ್ಮಣರಾದ ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯವರ ಬಹಿಷ್ಕಾರ ಎದುರಿಸಿದರು. ನಮ್ಮ ಕಾಲದಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ನ್ಯೂಪಡ್ಪುವಿನಲ್ಲಿ ಊರಿನ ಮಕ್ಕಳಿಗಾಗಿ ಶಾಲೆ ಕಟ್ಟಿಸಿದರು. ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳು ಒಟ್ಟಿಗೆ ಬಿಸಿಯೂಟ ಮಾಡುವ ಸರಕಾರಿ ಶಾಲೆಗಳು ಈಗ ಖಾಲಿಯಾಗುತ್ತಿವೆ. ವ್ಯಾನು ಹತ್ತಿ ತಮ್ಮ ತಮ್ಮ ಸಮುದಾಯದ ಶಾಲೆಗೆ ಹೋಗುವ ಮಕ್ಕಳು ಜಾಸ್ತಿ. ಈ ನಷ್ಟವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ ಅನ್ನಿಸುತ್ತದೆ. ಪಕ್ಕದಲ್ಲಿ ಕೂತವನ ಪರಿಚಯವೇ ಇಲ್ಲದಿದ್ದರೆ ಅವನ ಬಗ್ಗೆ ಯಾರು ಏನು ಹೇಳಿದರೂ ನಂಬಬಹುದು. ಉಡುಪಿಯ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ 2022ರ ಫೆಬ್ರವರಿ ಹೊತ್ತಿಗೆ ಕೇಸರಿ ಶಾಲಿನವರೆಗೆ ಬೆಳೆದಾಗ, ಒಂದೇ ತರಗತಿಯವರು ಗೇಟಿನ ಎದುರು ಎರಡು ಗುಂಪಾಗಿ ನಿಂತದ್ದನ್ನು ನೋಡಿದೆವು.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಮಕ್ಕಳು ಭಯೋತ್ಪಾದನೆಯತ್ತ ಸರಿಯದಂತೆ ನೋಡಿಕೊಳ್ಳುವುದು 2015ರ ಜುಲೈಯಿಂದ ಅಲ್ಲಿನ ಶಾಲೆಗಳಿಗೆ ಕಾನೂನಿನ ಹೊಣೆ. ಮಗುವಿನ ಬಗ್ಗೆ ಅನುಮಾನ ಬಂದರೆ ಅಧಿಕಾರಿಗಳಿಗೆ ತಿಳಿಸಬೇಕು. ಮರುವರ್ಷವೇ ಅಲ್ಲಿನ ದೊಡ್ಡ ಶಿಕ್ಷಕರ ಸಂಘವೊಂದು ಶಾಲೆಗಳಿಗೆ ಇದು ಬೇಡ ಎಂದಿತು. ಟೀಚರ್ ದೂರು ಕೊಡುತ್ತಾರೆ ಎಂಬ ಭಯ ಬಂದರೆ ಮಗು ಬಾಯಿ ಮುಚ್ಚುತ್ತದೆ. ಆಮೇಲೆ ಅದು ತನ್ನ ಸಿಟ್ಟನ್ನೆಲ್ಲ ಹೇಳಿಕೊಳ್ಳುವುದು ಫೋನಿನೊಳಗಿನ ಯಾರೋ ಅಣ್ಣನ ಹತ್ತಿರ.

ನಮ್ಮ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕೆಂದು ಸರಕಾರ 2023ರಲ್ಲಿ ತೀರ್ಮಾನಿಸಿತು. ಒಳ್ಳೆಯದೇ. ಆದರೆ ಸುಮ್ನೆ ಬಾಯಿಪಾಠ ಮಾಡಿಸಿದರೆ ಸಾಲದು. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ಎಲ್ಲಿಯದು, ಯಾವ ವರ್ಷದ್ದು ಎಂದು ತರಗತಿಯಲ್ಲೇ ಹುಡುಕಿಸಬೇಕು. ಕೆಟ್ಟ ಪ್ರಶ್ನೆ ಕೇಳಿದ ಹುಡುಗನಿಗೂ ಬೈಯದೆ ಉತ್ತರ ಕೊಡಬೇಕು. ಗೆಳೆಯರನ್ನು ಬಿಟ್ಟು ಒಂಟಿಯಾದವನನ್ನು ಗಮನಿಸಿ, ಮನೆಯವರ ಹತ್ತಿರ ಅವರ ಭಾಷೆಯಲ್ಲೇ ಮಾತಾಡಬೇಕು. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರ ವಿಷಯದಲ್ಲಂತೂ ಇದು ತುರ್ತು. ಫಲಿತಾಂಶ ಬಂದ ವಾರವೇ ಅವರ ಮನೆಗೆ ಹೋಗಿ ಮರುಪರೀಕ್ಷೆಗೆ ಕೂರಿಸುವ ಕೆಲಸ ಶಾಲೆಯದ್ದೇ ಆಗಬೇಕು.