ಉಳ್ಳಾಲದ ಅಬ್ಬಕ್ಕ: ತಾಯಿಮನೆಯ ಪಟ್ಟ, ಮುರಿದ ದಾಂಪತ್ಯ

ಕರಾವಳಿಯ ಉಳ್ಳಾಲವನ್ನು ಆಳಿದ ರಾಣಿ ಅಬ್ಬಕ್ಕ ಚೌಟಳ ದಾಂಪತ್ಯವನ್ನು ನಾವು ಉತ್ತರಪತ್ರಿಕೆಯಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸುತ್ತೇವೆ: ಗಂಡ, ಮಂಗಳೂರಿನ ಅರಸ ಬಂಗರಸ ಪೋರ್ಚುಗೀಸರ ಪಕ್ಷ ವಹಿಸಿದ, ಹೆಂಡತಿ ಅವರನ್ನು ಎದುರಿಸಿದಳು. ಗಂಡಹೆಂಡಿರ ಜಗಳ ಎರಡು ರಾಜ್ಯಗಳ ಯುದ್ಧವಾದದ್ದೇಕೆ ಎಂಬುದು ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಅಳಿಯಸಂತಾನ ಕಟ್ಟನ್ನೇ ಮೊದಲು ಓದಬೇಕು.

ತುಳುನಾಡಿನ ಜೈನ ಅರಸುಮನೆತನಗಳಾದ ಚೌಟರಲ್ಲಿಯೂ ಬಂಗರಲ್ಲಿಯೂ ಈ ಕಟ್ಟಿನಂತೆ ಆಳುವ ಹಕ್ಕು ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿತ್ತು. ಅಬ್ಬಕ್ಕನಿಗೆ ಉಳ್ಳಾಲ ದೊರೆತದ್ದು ಸೋದರಮಾವ ತಿರುಮಲರಾಯ ಚೌಟನಿಂದ. ಅವಳು ಹೆತ್ತ ಮಕ್ಕಳು ಚೌಟರೇ ಹೊರತು ಬಂಗರಲ್ಲ, ಬಂಗರಸನ ಪಟ್ಟ ಸಲ್ಲುವುದು ಅವನ ಸೋದರಿಯ ಮಗನಿಗೆ. ಹೀಗಾಗಿ ನೇತ್ರಾವತಿಯ ಈಚೆಗಿನ ಮಂಗಳೂರು, ಆಚೆಗಿನ ಉಳ್ಳಾಲಗಳನ್ನು ಈ ಮದುವೆ ಜೋಡಿಸಿತೇ ವಿನಾ ಒಂದಾಗಿಸಲಿಲ್ಲ. ಪತ್ನಿಯ ನಿಷ್ಠೆ ಗಂಡನ ಮನೆಗೇ ಮೊದಲು ಸಲ್ಲಬೇಕೆಂಬ ಇಂದಿನ ನಮ್ಮ ಎಣಿಕೆಯನ್ನು ಇಲ್ಲಿಗೆ ತಂದು ಅವಳನ್ನು ಅಳೆಯುವುದು ಅನ್ಯಾಯವೆಂದೇ ನನ್ನ ಭಾವನೆ.

1623ರಲ್ಲಿ ಈ ಕರಾವಳಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಲ್ಲೆ ಬರೆದಿರುವುದನ್ನು ನಿಧಾನವಾಗಿ ಓದಿ. ಉಳ್ಳಾಲದ ರಾಣಿ ಬಂಗರಸನನ್ನು ತ್ಯಜಿಸಿ, ಅವನು ಕೊಟ್ಟಿದ್ದ ಒಡವೆಗಳನ್ನೆಲ್ಲ ವಾಡಿಕೆಯಂತೆ ಹಿಂದಿರುಗಿಸಿದಳು. ಅವಳು ನದಿಯಲ್ಲಿ ದೋಣಿವಿಹಾರದಲ್ಲಿದ್ದಾಗ ಅವನು ಸೆರೆಹಿಡಿದನು. ನಯವಾದ ಮಾತಿನಿಂದ ಬಿಡಿಸಿಕೊಂಡು ಬಂದವಳೇ ಅವಳು ಯುದ್ಧಕ್ಕೆ ನಿಂತಳು. ಅವನ ಬೆನ್ನಿಗೆ ಪೋರ್ಚುಗೀಸರು, ಅವಳ ಬೆನ್ನಿಗೆ ಕೆಳದಿಯ ಅರಸ ವೆಂಕಟಪ್ಪ ನಾಯಕ. ಒಡವೆ ಹಿಂದಿರುಗಿಸುವುದು ವಾಡಿಕೆಯಾಗಿತ್ತು ಎಂಬ ಮಾತು ನನಗೆ ಇಡೀ ಪ್ರಸಂಗದಲ್ಲಿಯೇ ಅಮೂಲ್ಯವಾದದ್ದು: ಹೆಣ್ಣು ಸಂಬಂಧ ಕಡಿದುಕೊಳ್ಳಲು ಅಲ್ಲಿ ಒಪ್ಪಿತವಾದ ದಾರಿಯೊಂದಿತ್ತು. ಬಂಗರಸನಿಗೆ ಸಹಿಸಲಾಗದ್ದು ಬೇರ್ಪಡುವಿಕೆಯಷ್ಟೇ ಅಲ್ಲ, ನದಿಯಾಚೆ ಅವಳು ಸ್ವತಂತ್ರಳಾಗಿ ಉಳಿದದ್ದೂ ಇರಬೇಕೆಂದು ನಾನು ಊಹಿಸುತ್ತೇನೆ.

ಒಂದು ಎಚ್ಚರಿಕೆ. 16ನೆಯ ಶತಮಾನದ ಮಧ್ಯದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನೂ 1623ರಲ್ಲಿ ಪ್ರವಾಸಿ ಕಂಡ ರಾಣಿಯೂ ಒಬ್ಬಳೇ ಆಗಿರುವುದು ಕಷ್ಟ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಎಂದು ಇತಿಹಾಸಕಾರರು ವಾದಿಸಿದ್ದಾರೆ. ಜನಪದ ನೆನಪು ಇವರನ್ನು ಒಂದೇ ಬದುಕಾಗಿ ಹೆಣೆದಿದೆ. ಆದ್ದರಿಂದ ದೋಣಿಯ ಪ್ರಸಂಗವನ್ನು ಬರೆಯುವಾಗ ಅದನ್ನು 1623ರ ಬರಹಕ್ಕೇ ಸೇರಿಸಿ ಬರೆಯಿರಿ. ಗಂಡನ ಹೆಸರು ಲಕ್ಷ್ಮಪ್ಪ ಬಂಗರಸ ಎಂಬುದನ್ನು ಸ್ಥಳೀಯ ಪರಂಪರೆಯ ಮಾತೆಂದು ಬೇರೆಯಾಗಿಯೇ ನಮೂದಿಸಿ.