ಹಠ ಅಂದರೆ ಬೈಗುಳವಾ, ಹೊಗಳಿಕೆಯಾ?

ಪ್ರಶ್ನೆ: ‘ನಿಮ್ಮ ಮಗಳಿಗೆ ಹಠ ಜಾಸ್ತಿ’ ಎಂದು ಮೇಷ್ಟ್ರು ಹೇಳಿದರು. ಖುಷಿಪಡಬೇಕೋ, ಬೇಜಾರಾಗಬೇಕೋ ತಿಳಿಯಲಿಲ್ಲ. ಹಠಕ್ಕೂ ಛಲಕ್ಕೂ ಏನು ವ್ಯತ್ಯಾಸ?

ಉತ್ತರ: ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಳುವುದು ಕಷ್ಟ. ಹಠದ ಬಣ್ಣ ಗೊತ್ತಾಗುವುದು ಅದರ ಜೊತೆಗೆ ಬರುವ ಕ್ರಿಯಾಪದದಿಂದ.

‘ಹಠ ಮಾಡಿದಳು’ ಅಂದರೆ ದೂರು. ಮಕ್ಕಳು ಆಟಿಕೆ ಬೇಕೆಂದು ನೆಲಕ್ಕೆ ಬಿದ್ದು ಅಳುತ್ತವಲ್ಲ, ಅದು. ‘ಹಠ ಹಿಡಿದಳು’ ಅನ್ನುವಾಗ ವಯಸ್ಸು ಸ್ವಲ್ಪ ಏರಿರುತ್ತದೆ. ಕೇಳಿದ್ದು ಸಿಗುವ ತನಕ ಜಗ್ಗುವುದಿಲ್ಲ ಎಂದರ್ಥ. ಸರಿಯೋ ತಪ್ಪೋ ಎನ್ನುವುದು ಏನು ಕೇಳಿದಳು ಎಂಬುದರ ಮೇಲಿದೆ. ಅದೇ ‘ಹಠಕ್ಕೆ ಬಿದ್ದು ಓದಿದಳು’ ಅನ್ನಿ, ಮೆಚ್ಚುಗೆಯಾಗುತ್ತದೆ! ಮೊದಲೆರಡರಲ್ಲಿ ಬೇರೆಯವರು ಮಣಿಯಬೇಕು, ಇಲ್ಲಿ ತಾನೇ ದುಡಿಯಬೇಕು. ‘ಹಠಮಾರಿ’ಗೆ ಮಾತ್ರ ಈ ರಿಯಾಯಿತಿ ಇಲ್ಲ. ಮುದ್ದಿನಿಂದ ಕರೆದರೂ ಒಳಗೊಂದು ದೂರು ಇದ್ದೇ ಇರುತ್ತದೆ.

ಛಲಕ್ಕೆ ಬಂದರೆ, ‘ಛಲ ಮಾಡಿದಳು’ ಎಂದು ಯಾರೂ ಹೇಳುವುದಿಲ್ಲ. ಛಲ ಇರುತ್ತದೆ, ಇಲ್ಲವೇ ಅದನ್ನು ತೊಡುತ್ತೇವೆ. ತಮಾಷೆ ನೋಡಿ, ಸಂಸ್ಕೃತದಲ್ಲಿ ಛಲ ಅಂದರೆ ಮೋಸ, ಕಪಟ. ಹಿಂದಿಯಲ್ಲಿ ಇವತ್ತಿಗೂ ಹಾಗೇ. ಕನ್ನಡಕ್ಕೆ ಬಂದ ಮೇಲೆ ಅದು ಮೆಚ್ಚುವ ಗುಣವಾಯಿತು. ಇದೇನೂ ಹೊಸದಲ್ಲ. 10ನೇ ಶತಮಾನದ ಪಂಪ ತನ್ನ ಭಾರತದ ಕೊನೆಯಲ್ಲಿ ಯಾರನ್ನು ಯಾವ ಗುಣಕ್ಕೆ ನೆನೆಯಬೇಕೆಂದು ಹೇಳುವಾಗ ‘ಚಲದೊಳ್ ದುರ್ಯೋಧನಂ’ ಎಂದೇ ಶುರು ಮಾಡುತ್ತಾನೆ. ಸೋತವನಿಗೆ ಮೊದಲ ಸ್ಥಾನ! ಪಾಂಡವರನ್ನು ಕೇಳಿದ್ದರೆ ಅದು ಬರೀ ಹಠ ಅನ್ನುತ್ತಿದ್ದರು ಬಿಡಿ. ಒಬ್ಬರ ಛಲ ಎದುರಿನವರಿಗೆ ಹಠವಾಗಿ ಕಾಣುವುದು ಸಹಜ ಅಲ್ವಾ?

‘ಹಠ’ವೂ ಸಂಸ್ಕೃತದ್ದೇ. ಅಲ್ಲಿ ಬಲವಂತ ಎಂದರ್ಥ. ‘ಹಠಾತ್’ ಅದರದ್ದೇ ರೂಪ. ‘ಹಟ’ ಎಂದು ಬರೆದರೂ ತಪ್ಪಲ್ಲ.

ಇವುಗಳ ಜೊತೆ ಬೆರೆತುಹೋಗುವ ಇನ್ನೂ ಕೆಲವಿವೆ. ‘ಜಿದ್ದು’ ಮೂಲದಲ್ಲಿ ಅರಬ್ಬಿ, ಅಲ್ಲಿ ‘ವಿರುದ್ಧ’ ಎಂದರ್ಥ. ಹಾಗಾಗಿ ಒಬ್ಬರೇ ಕೂತು ಹಠ ಹಿಡಿಯಬಹುದು, ಜಿದ್ದಿಗೆ ಬೀಳಲು ಎದುರಾಳಿ ಬೇಕು. ‘ಮೊಂಡುತನ’ದಲ್ಲಿ ಹೊಗಳಿಕೆಗೆ ಜಾಗವೇ ಇಲ್ಲ. ಕತ್ತಿ ಮೊಂಡಾದರೆ ಏನೂ ಕತ್ತರಿಸುವುದಿಲ್ಲ, ಮೊಂಡರ ತಲೆಗೆ ಯಾವ ಕಾರಣವೂ ಇಳಿಯುವುದಿಲ್ಲ.

‘ಬೇಕಂತಲೇ ಮಾಡಿದ’ ಅನ್ನುವುದು ಬೇರೆಯೇ. ಹಠಕ್ಕೆ ಪಟ್ಟು ಬಿಡದೆ ನಿಲ್ಲುವ ತಾಳ್ಮೆ ಬೇಕು. ಬೇಕಂತಲೇ ಮಾಡುವ ಕೆಲಸ ಒಂದು ಕ್ಷಣದಲ್ಲಿ ಮುಗಿಯಬಹುದು. ಅಲ್ಲಿ ಪ್ರಶ್ನೆ ಒಂದೇ, ಗೊತ್ತಿದ್ದು ಮಾಡಿದನೋ, ಗೊತ್ತಿಲ್ಲದೆಯೋ.