ದೋಣಿಗೆ ವಿನೈಲ್: ನಾನು ಎಡವಿದ್ದು ನೀರಿನ ಗೆರೆಯಲ್ಲಿ

ಇದು ಕಾರು, ಬೈಕು, ಆಟೋಗೆ ವಿನೈಲ್, ಅಂದರೆ ಸ್ಟಿಕರ್‌ನ ತೆಳು ಪ್ಲಾಸ್ಟಿಕ್ ಫಿಲ್ಮ್, ಅಂಟಿಸಿ ಕೈ ಪಳಗಿದವರಿಗೆ. ಸ್ಕ್ವೀಜಿ ಹಿಡಿಯುವುದು, ಬ್ಲೇಡ್ ಓಡಿಸುವುದು, ಗುಳ್ಳೆ ಚುಚ್ಚುವುದು ಇವೆಲ್ಲ ನಿಮಗೆ ಬರುತ್ತದೆ, ಬಿಡಿ.

ಹುಬ್ಬಳ್ಳಿಯ ಒಂದು ರೇಡಿಯಂ ಅಂಗಡಿಯಲ್ಲಿ ನಾನು ಕೆಲಸ ಕಲಿಯುತ್ತಿದ್ದೇನೆ. ಎರಡು ತಿಂಗಳ ಹಿಂದೆ ಕೆರೆಯಲ್ಲಿ ಓಡಿಸುವ ಫೈಬರ್ ದೋಣಿಯೊಂದು ನಮ್ಮಲ್ಲಿಗೆ ಬಂತು. ಬಣ್ಣ ಬೇಡ, ಸ್ಟಿಕರ್ ಮಾಡಿಕೊಡಿ ಅಂದರು ಮಾಲೀಕರು. ಮಾಡಿಕೊಟ್ಟೆ. ಮೂರೇ ವಾರಕ್ಕೆ ಕೆಳಗಿನ ಅಂಚು ಎದ್ದು, ಅದರ ಹಿಂದೆ ಪಾಚಿ ಕೂತು, ದೋಣಿ ವಾಪಸ್ ಬಂತು. ತಪ್ಪು ಪೂರ್ತಿ ನನ್ನದೇ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಬಣ್ಣ ಬಿಟ್ಟು ವಿನೈಲ್ ಯಾಕೆ

ಟೂ-ಪ್ಯಾಕ್ ಪಿಯು (ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್) ಬಣ್ಣಕ್ಕೆ ಉಜ್ಜಬೇಕು, ಪ್ರೈಮರ್ ಹೊಡೆಯಬೇಕು, ಒಣಗಲು ಬಿಡಬೇಕು. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಉಸಿರಿಗೆ ಕೆಟ್ಟದ್ದು, ಮುಖಕ್ಕೆ ಸುಮ್ನೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ವಿನೈಲ್ ಆದರೆ ಇಬ್ಬರು ಎರಡು ದಿನದಲ್ಲಿ ಮುಗಿಸಬಹುದು. ಜಾಹೀರಾತು ಬದಲಾದರೆ ಕಿತ್ತು ಬೇರೆ ಹಾಕಬಹುದು. ಆದರೆ ವಿನೈಲ್ ಏನನ್ನೂ ಮುಚ್ಚುವುದಿಲ್ಲ. ಒಳ್ಳೆಯ ಫಿಲ್ಮ್‌ನ ದಪ್ಪ ಸುಮಾರು 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಕೆಳಗೆ ಒಂದು ಮರಳಿನ ಕಾಳು ಉಳಿದರೂ ಮೊಡವೆಯಂತೆ ಎದ್ದು ಕಾಣುತ್ತದೆ.

ಪೂರಿಯೋ ದೋಸೆಯೋ

ವಿನೈಲ್ ಫಿಲ್ಮ್‌ನಲ್ಲಿ ಎರಡು ಬಗೆ, ಕ್ಯಾಲೆಂಡರ್ಡ್ ಮತ್ತು ಕಾಸ್ಟ್. ಇವುಗಳ ನಡುವಿನ ವ್ಯತ್ಯಾಸ ನನ್ನ ತಲೆಗೆ ಹೋಗಿದ್ದು ಅಡುಗೆಮನೆಯಲ್ಲಿ. ಕ್ಯಾಲೆಂಡರ್ಡ್ ಅಂದರೆ ಲಟ್ಟಿಸಿದ ಪೂರಿ. ಕಾದ ರೋಲರ್‌ಗಳ ನಡುವೆ ಒತ್ತಿ ಎಳೆದು ಮಾಡಿದ್ದು. ಮೈದಾ ಪೂರಿ ಲಟ್ಟಿಸಿ ಕೈ ತೆಗೆದರೆ ಮೆಲ್ಲಗೆ ಹಿಂದೆ ಸರಿಯುತ್ತದಲ್ಲ, ಹಾಗೆಯೇ ಈ ಫಿಲ್ಮ್ ಬಿಸಿಲು ತಾಗಿದಾಗ ಕುಗ್ಗುತ್ತದೆ. ಕಾಸ್ಟ್ ಅಂದರೆ ದೋಸೆ. ದ್ರವವನ್ನು ಹರಡಿ, ಕಾಯಿಸಿ ಒಣಗಿಸಿದ್ದು. ಯಾರೂ ಎಳೆದಿಲ್ಲ, ಹಾಗಾಗಿ ಹಿಂದೆ ಸರಿಯುವ ಹಟ ಕಡಿಮೆ. ದೋಣಿಯ ಮೂತಿ ಎರಡು ಕಡೆಗೂ ಬಾಗಿರುತ್ತದೆ. ಅಲ್ಲಿಗೆ ಕಾಸ್ಟ್ ಮಾತ್ರ. ಎಳೆದು ಕೂರಿಸಿದ ತಿರುವುಗಳನ್ನು ಕೊನೆಗೆ ಹೀಟ್ ಗನ್‌ನಿಂದ 90 ಡಿಗ್ರಿ ದಾಟುವಷ್ಟು ಕಾಯಿಸಿ. ಕಣ್ಣಳತೆ ಬೇಡ, ಥರ್ಮಾಮೀಟರ್ ಹಿಡಿಯಿರಿ.

ತಂಬಿಗೆ ಪರೀಕ್ಷೆ

ಫೈಬರ್ ದೋಣಿಯ ಹೊರಮೈಯನ್ನು ಜೆಲ್‌ಕೋಟ್ ಅನ್ನುತ್ತಾರೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಅದರ ಮೇಲೆ ಉಳಿದಿರಬಹುದು. ಹಳೆಯದಾದರೆ ಬಿಳಿ ಪುಡಿ ಏಳುತ್ತದೆ, ಅಂಗೈಯಿಂದ ಒರೆಸಿದರೆ ಗೊತ್ತಾಗುತ್ತದೆ. ಮೊದಲು ಸೋಪುನೀರು, ಆಮೇಲೆ ಮೇಣ ತೆಗೆಯುವ ಸಾಲ್ವೆಂಟ್, ಅದಾದ ಮೇಲಷ್ಟೇ ವಾಟರ್ ಪೇಪರ್. ಮೇಣ ತೆಗೆಯದೆ ಉಜ್ಜಿದರೆ ಅದು ಗೀರುಗಳ ಒಳಗೆ ಸೇರಿಕೊಳ್ಳುತ್ತದೆ. ಕೊನೆಗೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸುವುದು.

ಐಪಿಎಗೆ ಮುಂಚೆ ಒಂದು ತಂಬಿಗೆ ನೀರು ಸುರಿಯಿರಿ. ಹಾಳೆಯಂತೆ ಹರಡಿ ಇಳಿದರೆ ಮೈ ಶುದ್ಧ. ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾದರೆ ಮೇಣ ಇನ್ನೂ ಇದೆ.

ಒಂದು ಎಚ್ಚರಿಕೆ. ಮನೆ ಮೇಲಿನ ಕಪ್ಪು ನೀರಿನ ಟ್ಯಾಂಕಿನ ಜಾತಿಯ ಪ್ಲಾಸ್ಟಿಕ್ ದೋಣಿಗಳೂ ಬರುತ್ತವೆ. ಅದು ಪಾಲಿಎಥಿಲೀನ್. ಅದರ ಮೇಲ್ಮೈ ಶಕ್ತಿ, ಅಂದರೆ ಅಂಟನ್ನು ಹಿಡಿದುಕೊಳ್ಳುವ ಗುಣ, ಸೆಂ.ಮೀ.ಗೆ ಸುಮಾರು 31 ಡೈನ್ ಅಷ್ಟೇ, ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಎಷ್ಟು ತೊಳೆದರೂ ಅಷ್ಟೇ. ಆ ಕೆಲಸ ಒಪ್ಪಿಕೊಳ್ಳಬೇಡಿ.

ನೀರಿನ ಗೆರೆ

ಮಾಮೂಲಿ ವಿನೈಲ್ ನೀರಿನ ಮೇಲಿನ ಮೈಗೆ ಮಾತ್ರ. ಸದಾ ನೀರಲ್ಲಿರುವ ತಳಕ್ಕೆ ಅಲ್ಲ. ಸಮುದ್ರದ ದೋಣಿಗಳ ತಳಕ್ಕೆ ಚಿಪ್ಪುಹುಳ ಕೂರದಂತೆ ಹಚ್ಚುವ ಬಣ್ಣವೇ ಬೇರೆ. ಹಿಂದೆ ಅದರಲ್ಲಿ ಟಿಬಿಟಿ ಎಂಬ ತವರದ ವಿಷ ಇರುತ್ತಿತ್ತು. ಅದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ, 2008ರಲ್ಲಿ ಜಾರಿಗೆ ಬಂತು. ಈಗ ಹೆಚ್ಚಾಗಿ ತಾಮ್ರ ಬಳಸುತ್ತಾರೆ.

ಇದೆಲ್ಲ ನನಗೆ ಗೊತ್ತಿತ್ತು. ಹಾಗಾಗಿ ಖಾಲಿ ದೋಣಿಯನ್ನು ಕೆರೆಗೆ ಬಿಟ್ಟು, ನೀರು ಮುಟ್ಟಿದಲ್ಲಿ ಗುರುತು ಮಾಡಿ, ಅದಕ್ಕಿಂತ ಒಂದು ಇಂಚು ಮೇಲೆ ಫಿಲ್ಮ್ ನಿಲ್ಲಿಸಿದೆ. ಬಹಳ ಹುಷಾರಿ ಅಂದುಕೊಂಡಿದ್ದೆ. ವಾಪಸ್ ಬಂದ ದೋಣಿಯ ಅಂಚು ನೋಡಿ ಉಸ್ತಾದ್ ಒಂದೇ ಮಾತು ಕೇಳಿದರು: "ತಮ್ಮಾ, ಖಾಲಿ ದೋಣಿ ನೋಡಿ ಗೆರಿ ಹಾಕಿಯಲ್ಲೋ, ಮಂದಿ ಕುಂತ ಮ್ಯಾಲೆ ನೀರು ಎಲ್ಲಿ ಬರತೈತಿ ನೋಡಿಯೇನು?"

ನೋಡಿರಲಿಲ್ಲ.

ಎಷ್ಟು ಮುಳುಗುತ್ತದೆ ಅಂತ ಲೆಕ್ಕ ಹಾಕಲು ಕೂತೆ. ಅಲ್ಲೂ ಎಡವಿದೆ. ದೋಣಿಯ ತೂಕವನ್ನೂ ಜನರ ತೂಕಕ್ಕೆ ಕೂಡಿಸಿಬಿಟ್ಟೆ. ಉತ್ತರ ವಿಪರೀತ ಜಾಸ್ತಿ ಬಂತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ದೋಣಿ ತನ್ನ ತೂಕಕ್ಕೆ ಎಷ್ಟು ಮುಳುಗಬೇಕೋ ಅಷ್ಟು ಆಗಲೇ ಮುಳುಗಿದೆ. ಖಾಲಿ ಗುರುತು ಅಂದರೆ ಅದೇ. ಅಲ್ಲಿಂದ ಮೇಲಕ್ಕೆ ಬರುವುದು ಹೊಸದಾಗಿ ಹತ್ತಿದವರ ತೂಕ ಮಾತ್ರ.

ಈಗ ಲೆಕ್ಕ. ನಾಲ್ಕು ಜನ, ಒಬ್ಬರಿಗೆ 65 ಕೆಜಿ, ಒಟ್ಟು 260 ಕೆಜಿ. ಅಷ್ಟು ತೂಕ ಹೊರಲು ದೋಣಿ ಇನ್ನೂ 260 ಕೆಜಿ ನೀರನ್ನು ಸರಿಸಬೇಕು. ಕೆರೆ ನೀರು ಲೀಟರಿಗೆ ಒಂದು ಕೆಜಿ, ಅಂದರೆ 260 ಲೀಟರ್. ದೋಣಿಯ ಉದ್ದ 3 ಮೀಟರ್, ಅಗಲ 1.4 ಮೀಟರ್. ಗುಣಿಸಿದರೆ 4.2. ಮೂತಿ ಚೂಪಾಗಿರುವುದರಿಂದ ಮುಕ್ಕಾಲು ಭಾಗ ಹಿಡಿದೆ, 3.15 ಚದರ ಮೀಟರ್. ನೀರಿನ ಮಟ್ಟದಲ್ಲಿ ದೋಣಿಯನ್ನು ಅಡ್ಡ ಕೊಯ್ದರೆ ಸಿಗುವ ಜಾಗ ಇದು.

ಇಲ್ಲಿಂದ ನನ್ನ ಪ್ರೀತಿಯ ಅಡ್ಡದಾರಿ. ಒಂದು ಚದರ ಮೀಟರ್ ಜಾಗ ಒಂದು ಸೆಂ.ಮೀ. ಇಳಿದರೆ ಸರಿಯುವ ನೀರು 10 ಲೀಟರ್. ಹಾಗಾಗಿ ಚದರ ಮೀಟರನ್ನು 10ರಿಂದ ಗುಣಿಸಿದರೆ, ಒಂದು ಸೆಂ.ಮೀ. ಮುಳುಗಲು ಎಷ್ಟು ಕೆಜಿ ಬೇಕು ಅಂತ ಸಿಗುತ್ತದೆ. ನಮ್ಮ ದೋಣಿಗೆ 31.5 ಕೆಜಿ. 260ನ್ನು ಅದರಿಂದ ಭಾಗಿಸಿದರೆ 8 ಸೆಂ.ಮೀ. ಚಿಲ್ಲರೆ. ನಾನು ಬಿಟ್ಟಿದ್ದು ಎರಡೂವರೆ. ಅಂದರೆ ಪ್ರತಿ ಸವಾರಿಗೂ ನನ್ನ ಅಂಚು ಹೆಚ್ಚುಕಡಿಮೆ 6 ಸೆಂ.ಮೀ. ನೀರಿನೊಳಗೆ!

ಪೆಡಲ್ ದೋಣಿಗೆ ಇದೇ ಲೆಕ್ಕ ಹಾಕಿ ನೋಡಿ. ಅದು ಎರಡು ಸಣಕಲು ತೇಲುಗಳ ಮೇಲೆ ನಿಂತಿರುತ್ತದೆ. ಒಂದೊಂದು 2.4 ಮೀಟರ್ ಉದ್ದ, 0.4 ಅಗಲ ಅಂದುಕೊಳ್ಳಿ. ತುದಿಗಳನ್ನು ಕಳೆದರೆ ಎರಡೂ ಸೇರಿ 1.6 ಚದರ ಮೀಟರ್. ಸೆಂ.ಮೀ.ಗೆ 16 ಕೆಜಿ. ಅದೇ ನಾಲ್ಕು ಜನ ಹತ್ತಿದರೆ 16 ಸೆಂ.ಮೀ. ಇಳಿಯುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು! ಇದನ್ನು ನೋಡಿದಾಗ ಖುಷಿಯಾಗಿ ಉಸ್ತಾದರಿಗೆ ತೋರಿಸಿದೆ. ಅವರು ಕಾಗದ ನೋಡಲೇ ಇಲ್ಲ. "20 ಲೀಟರ್ ಕ್ಯಾನ್ 13 ತುಂಬಿ ಇಟ್ಟುಬಿಡು, ಆತು" ಅಂದರು. ನಿಜ, 13 ಕ್ಯಾನ್ ಅಂದರೆ ಸರಿಯಾಗಿ 260. ದೋಣಿ ನೀರಲ್ಲಿದ್ದರೆ ಕ್ಯಾನೇ ಸುಲಭ. ಜನ ಕೂರುವ ಜಾಗದಲ್ಲೇ ಇಡಿ. ಎಲ್ಲರೂ ಹಿಂದೆ ಕೂತರೆ ಹಿಂಭಾಗ ಜಾಸ್ತಿ ಇಳಿಯುತ್ತದೆ, ಅದು ಲೆಕ್ಕದಲ್ಲಿ ಸಿಗುವುದಿಲ್ಲ.

ಬಂದ ಉತ್ತರಕ್ಕೆ ಅಲೆ ಮತ್ತು ವಾಲಾಟಕ್ಕೆ ಅಂತ ಇನ್ನೂ 5 ಸೆಂ.ಮೀ. ಸೇರಿಸಿ. ನಮ್ಮ ದೋಣಿಗೆ ಖಾಲಿ ಗುರುತಿನಿಂದ 13 ಸೆಂ.ಮೀ. ಆಯಿತು. ಕಾರವಾರದ ಕಡೆಯ ದೋಣಿಯಾದರೆ ಉಪ್ಪುನೀರು ಸ್ವಲ್ಪ ಭಾರ, ಲೀಟರಿಗೆ 1.025 ಕೆಜಿ. ಮುಳುಗುವುದು ಕೂದಲೆಳೆಯಷ್ಟು ಕಡಿಮೆ, ಲೆಕ್ಕಕ್ಕಿಲ್ಲ.

ಅಂಗಡಿಯಲ್ಲಿ ಸ್ಟ್ಯಾಂಡ್ ಮೇಲೆ ನಿಂತ ದೋಣಿಗೆ ಗೆರೆ ಎಳೆಯುವಾಗ ಮೇಲಿನ ಅಂಚಿನಿಂದ ಟೇಪ್ ಹಿಡಿದು ಅಳೆಯಬೇಡಿ. ಆ ಅಂಚು ಮೂತಿಯ ಕಡೆ ಏರಿರುತ್ತದೆ, ನೀರು ಏರುವುದಿಲ್ಲ. ಮೊದಲು ಮುಂದಿನ, ಹಿಂದಿನ ಖಾಲಿ ಗುರುತು ಒಂದೇ ಮಟ್ಟಕ್ಕೆ ಬರುವಂತೆ ದೋಣಿ ಕೂರಿಸಿ. ಆಮೇಲೆ ಗೌಂಡಿಗಳ ಲೆವೆಲ್ ಪೈಪ್ ಹಿಡಿದು ಗುರುತು ಹಾಕುತ್ತಾ ಹೋಗಿ, ಮಾಸ್ಕಿಂಗ್ ಟೇಪ್ ಎಳೆಯಿರಿ.

ಅಷ್ಟಕ್ಕೂ ಅಂಚು ಮುಳುಗಿದರೆ ಏನಾಗುತ್ತದೆ? ಹಾವೇರಿ ಕಡೆ ತುಂಗಭದ್ರೆಯಲ್ಲಿ ಹರಿಗೋಲು ನೋಡಿದ್ದೀರಲ್ವಾ? ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಅದೂ ನಮ್ಮ ವಿನೈಲ್‌ನಂತೆ ಒಂಥರಾ ಹೊದಿಕೆಯೇ. ಆದರೆ ಆ ಹೊದಿಕೆ ತಳವನ್ನೆಲ್ಲ ಸುತ್ತಿ ಮೇಲಿನ ಬಾಯಿಯ ಹತ್ತಿರ ಮುಗಿಯುತ್ತದೆ. ಅಂಚು ನೀರಿನಲ್ಲಿಲ್ಲ. ನನ್ನ ಫಿಲ್ಮ್‌ನ ಅಂಚು ನೀರಲ್ಲೇ ಇತ್ತು. ಅಲ್ಲಿಂದ ನೀರು ಅಂಟಿನೊಳಗೆ ನುಗ್ಗಿತು, ಓಡುವ ದೋಣಿಯ ಸೆಳೆತ ಉಳಿದದ್ದನ್ನು ಸುಲಿಯಿತು.

ಉಳಿದ ಎರಡು ಮಾತು

ತುಂಡು ತುಂಡಾಗಿ ಹಾಕುವಾಗ ಹಿಂದಿನಿಂದ ಶುರು ಮಾಡಿ ಮೂತಿಯ ಕಡೆ ಬನ್ನಿ. ಮುಂದಿನ ತುಂಡು ಹಿಂದಿನದರ ಮೇಲೆ ಹತ್ತಬೇಕು. ಹಂಚು ಹೊದಿಸಿದ ಹಾಗೆ. ಕೆಳ ಅಂಚಿಗೆ ಎಡ್ಜ್ ಸೀಲರ್ (ನೀರು ನುಗ್ಗದಂತೆ ಅಂಚು ಮುಚ್ಚುವ ದ್ರವ) ಹಚ್ಚಿ, ಆದರೆ ಸೀಲರ್ ಇದೆ ಅಂತ ಗೆರೆಯನ್ನು ಕೆಳಗೆ ಇಳಿಸಬೇಡಿ.

ನಮ್ಮ ದೋಣಿಯ ಫಿಲ್ಮ್ ಬಿಸಿ ಮಾಡಿ ಹೊಸ ಗೆರೆಯವರೆಗೆ ಸುಲಿದೆವು. ಕೆಳಗೆ ಹಳೆಯ ನೀಲಿ ಮೈ ಕಾಣತೊಡಗಿತು. ಮಾಲೀಕರು ನೋಡಿ, "ಪ್ಯಾಂಟ್ ಗಿಡ್ಡ ಆದಂಗ ಆತಲ್ಲೋ" ಅಂದರು. ದಂಡೆಯಲ್ಲಿ ನಿಂತಿದ್ದ ನಾಲ್ವರನ್ನು ಹತ್ತಿಸಿ ತೋರಿಸಿದೆವು. ನೀಲಿ ಪಟ್ಟಿ ನಾಲ್ಕು ಬೆರಳಗಲಕ್ಕಿಂತ ಕಡಿಮೆ ಉಳಿಯಿತು.